ಮುದ್ದೇಬಿಹಾಳದ ಹವೆ ಹುಡುಕಿ ಜರ್ಮನಿಗೆ

ಬಸವನ ಬಾಗೇವಾಡಿ ದಾಟುವ ತನಕ

ಜರ್ಮನಿಗೆ ಹೋಗಿ ಬಂದವರು ಅಲ್ಲಿನ ಕೋಟೆ, ನದಿ, ರೈಲುಗಳ ಬಗ್ಗೆ ಬರೆಯುತ್ತಾರೆ. ನಾನು ಮೂರು ವಾರ ಇದ್ದು ಒಂದು ಕೋಟೆಯನ್ನೂ ನೋಡದೆ ಬಂದವಳು. ನಾನು ನೋಡಿದ್ದು ಕಿಟಕಿಯಿಲ್ಲದ ಒಂದು ಕೋಣೆ ಮತ್ತು ಅದರೊಳಗಿನ ಒಂದು ಸೂಜಿ. ಇಷ್ಟಕ್ಕೇ ಅಷ್ಟು ದೂರ ಹೋಗಬೇಕಿತ್ತೇ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಕೇಳಿದವರಿದ್ದಾರೆ. ಹೋಗಬೇಕಿತ್ತು. ನಾನು ಸುಳ್ಳು ಬರೆದವಳೋ ಅಲ್ಲವೋ ಎಂಬುದು ಆ ಸೂಜಿಯ ತುದಿಯಲ್ಲಿ ತೀರ್ಮಾನವಾಗಬೇಕಿತ್ತು.

ಮೊದಲು ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಮುದ್ದೇಬಿಹಾಳದ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತೇನೆ. ಪಾಠ ಮುಗಿದ ಮೇಲೆ ಲ್ಯಾಬಿನ ಮೂಲೆಯ ಮೇಜಿನಲ್ಲಿ ಸಂಶೋಧನೆ. ಅಡುಗೆಮನೆಯ ಉಪ್ಪು ದ್ರವವಾಗಬೇಕಾದರೆ ನೀರು ಬೇಕು, ಇಲ್ಲವೇ ಕುಲುಮೆಯ ಬೆಂಕಿ ಬೇಕು. ಆದರೆ ಕೆಲವು ಉಪ್ಪುಗಳು ಸುಮ್ಮನೆ ಬಾಟಲಿಯಲ್ಲಿಟ್ಟರೂ ದ್ರವವಾಗಿಯೇ ಇರುತ್ತವೆ. ಹರಳೆಣ್ಣೆಯಂತೆ ಮಂದ, ಬಿಸಿಲಿಗಿಟ್ಟರೂ ಆರುವುದಿಲ್ಲ. ಅವಕ್ಕೆ ಅಯಾನಿಕ ದ್ರವ ಎನ್ನುತ್ತಾರೆ. ಅದರಲ್ಲಿ ಬಂಗಾರ ಲೇಪಿಸಿದ ಗಾಜಿನ ಚೂರೊಂದನ್ನು ಮುಳುಗಿಸಿ, ಪಾಲಿಮರ್ ಆಗಬಲ್ಲ ಕಚ್ಚಾ ವಸ್ತು ಬೆರೆಸಿ, ಸಣ್ಣಗೆ ಕರೆಂಟ್ ಹಾಯಿಸಿದರೆ ಬಂಗಾರದ ಮೇಲೆ ನೀಲಿಗಪ್ಪು ಪದರವೊಂದು ಕೂಡುತ್ತದೆ. ಉಳ್ಳಾಗಡ್ಡಿಯ ಒಳಸಿಪ್ಪೆಗಿಂತ ಎಷ್ಟೋ ಪಟ್ಟು ತೆಳುವು. ಈ ಪದರ ಹೇಗೆ ಹುಟ್ಟುತ್ತದೆ ಎಂಬುದು ನನಗೆ ಹಿಡಿದ ಹುಚ್ಚು.

ಅದು ಹುಟ್ಟುತ್ತಿರುವಾಗಲೇ ನೋಡುವ ಯಂತ್ರ ನಮ್ಮಲ್ಲಿಲ್ಲ. ಹಾಗಾಗಿ ನಡುನಡುವೆ ಕರೆಂಟ್ ನಿಲ್ಲಿಸಿ, ಒಂದೊಂದು ಚೂರನ್ನೂ ತೊಳೆದು ಒಣಗಿಸಿ, ದೂರದ ವಿಶ್ವವಿದ್ಯಾಲಯಕ್ಕೆ ಬಸ್ಸಿನಲ್ಲಿ ಒಯ್ದು ಚಿತ್ರ ತೆಗೆಸಿದ್ದೆ. ಆ ಚಿತ್ರಗಳನ್ನು ಜೋಡಿಸಿ ಒಂದು ಲೇಖನ ಬರೆದೆ. ಮೊದಲು ಅಲ್ಲೊಂದು ಇಲ್ಲೊಂದು ಚುಕ್ಕಿ ಏಳುತ್ತವೆ, ಅವು ಮೇಲಕ್ಕೆ ಬೆಳೆಯದೆ ಅಡ್ಡಡ್ಡ ಹರಡಿ ಒಂದನ್ನೊಂದು ಕೂಡಿಕೊಳ್ಳುತ್ತವೆ, ಕೆಳಗಿನ ಪದರ ತುಂಬಿದ ಮೇಲೆಯೇ ಮೇಲಿನದು ಶುರುವಾಗುತ್ತದೆ ಎಂದು ಅದರಲ್ಲಿ ವಾದಿಸಿದ್ದೆ. ಅಚ್ಚಾಯಿತು. ಆರು ತಿಂಗಳಿಗೆ ಜರ್ಮನಿಯ ಒಂದು ಪ್ರಯೋಗಾಲಯದಿಂದ ಪತ್ರ ಬಂತು. ನೀವು ಬರೆದ ಹಾಗೆಯೇ ಐದು ಸಲ ಮಾಡಿ ನೋಡಿದೆವು, ಪದರ ಬರಲಿಲ್ಲ, ದ್ರವ ಕಂದು ಬಣ್ಣಕ್ಕೆ ತಿರುಗಿತು, ತಾವೇ ಬಂದು ನಮ್ಮ ಮೈಕ್ರೋಸ್ಕೋಪಿನ ಕೆಳಗೆ ಮಾಡಿ ತೋರಿಸಬಹುದೇ ಎಂದು. ಭಾಷೆ ಬಹಳ ಸಭ್ಯವಾಗಿತ್ತು. ಅದರೊಳಗಿನ ಅನುಮಾನ ಸಭ್ಯವಾಗಿರಲಿಲ್ಲ. ತೋರಿಸಲಾಗದಿದ್ದರೆ ಲೇಖನ ವಾಪಸು ತೆಗೆದುಕೊಳ್ಳಬೇಕು, ಆಮೇಲೆ ಮುದ್ದೇಬಿಹಾಳದಿಂದ ಬಂದ ಏನನ್ನೂ ಯಾರೂ ನಂಬುವುದಿಲ್ಲ.

ನನಗೆ ಸಿಟ್ಟು ಬರುವುದು ಬೇಗ, ಇಳಿಯುವುದು ನಿಧಾನ. ಅದೇ ದಿನ ಉತ್ತರ ಬರೆದೆ: ಬರುತ್ತೇನೆ.

ಮಾರ್ಚ್ ತಿಂಗಳು. ನಮ್ಮಲ್ಲಿ ಆಗಲೇ ಬಿಸಿಲು ನೆತ್ತಿ ಸುಡುತ್ತಿತ್ತು. ಬಸ್ ಸ್ಟ್ಯಾಂಡಿಗೆ ಬಂದು ಬೀಳ್ಕೊಟ್ಟವರು ನಮ್ಮ ಲ್ಯಾಬಿನ ಅಟೆಂಡರ್ ದಸ್ತಗೀರಸಾಬರು. ನನಗಿಂತ ಹದಿನೈದು ವರ್ಷ ಹಿರಿಯರು, ಲ್ಯಾಬಿನ ಬಾಗಿಲು ತೆಗೆಯುವವರೂ ಹಾಕುವವರೂ ಅವರೇ.

"ಮೇಡಮ್ಮರ, ಅಲ್ಲೆ ಥಂಡಿ ಬಾಳ ಐತಂತ. ಕಿವಿ ಕಟ್ಕೋರಿ," ಎಂದರು.

"ಥಂಡಿ ಇರ್ಲಿ ಬಿಡ್ರಿ. ಪದರ ಬರ್ಲಿ ಅಂತ ದುವಾ ಮಾಡ್ರಿ."

"ಬರದ ಎಲ್ಲಿ ಹೋಗ್ತೈತ್ರಿ? ಇಲ್ಲೆ ದಿನಾ ಬರ್ತಿತ್ತಲ್ಲ, ನಾ ಕಣ್ಣಾರೆ ನೋಡೇನಿ. ನೀವು ಆರಾಮ ಹೋಗಿ ಬರ್ರಿ. ನೀವು ಬರೂತನಕ ಲ್ಯಾಬು ತಂಪ ಇಟ್ಟಿರ್ತೇನಿ."

ಬಸ್ಸು ಬಸವನ ಬಾಗೇವಾಡಿ ದಾಟುವಾಗ ಕಿಟಕಿಯಿಂದ ಬಂದ ಗಾಳಿಗೆ ತುಟಿ ಒಣಗಿ ಉರಿಯತೊಡಗಿತು. ತುಪ್ಪ ಸವರಿಕೊಂಡೆ. ಇಂಥ ಒಣ ಹವೆಯಲ್ಲಿ ಮಾಡಿದ ಪ್ರಯೋಗ ಅವರ ಮಂಜಿನ ಊರಿನಲ್ಲಿ ಹೇಗಾದೀತು ಎಂದು ಮನಸ್ಸಿನಲ್ಲೇ ನಕ್ಕೆ. ಲೇಖನದಲ್ಲೂ ದಪ್ಪಕ್ಷರದಲ್ಲಿ ಎಂಬಂತೆ ಬರೆದಿದ್ದೆ, "ಒಣ ಹವೆಯಲ್ಲಿ" ಎಂದು. ಅಯಾನಿಕ ದ್ರವ ಗಾಳಿಯ ನೀರನ್ನು ಕುಡಿಯುವ ಜಾತಿಯದು. ಅವರ ತಪ್ಪು ಅಲ್ಲೇ ಇದೆ ಎಂದು ನನಗೆ ಗಟ್ಟಿ ನಂಬಿಕೆ.

ವಿಮಾನ ನಿಲ್ದಾಣದ ಸುಂಕದ ಕಟ್ಟೆ

ಜರ್ಮನಿಯಲ್ಲಿ ನನ್ನ ಮೊದಲ ಮಾತುಕತೆ ಕಸ್ಟಮ್ಸ್ ಅಧಿಕಾರಿಯೊಂದಿಗೆ. ನನ್ನ ಚೀಲದಲ್ಲಿ ಒಂದೇ ಅಳತೆಯ ಎರಡು ಸ್ಟೀಲ್ ಡಬ್ಬಿಗಳಿದ್ದವು. ಒಂದರಲ್ಲಿ ಹತ್ತಿಯಲ್ಲಿ ಸುತ್ತಿದ ಬಂಗಾರ ಲೇಪದ ಗಾಜಿನ ಚೂರುಗಳು, ಇನ್ನೊಂದರಲ್ಲಿ ಸಾಲೋಟಗಿಯಿಂದ ಅವ್ವ ಕುಟ್ಟಿ ಕಳಿಸಿದ ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ. ಆತ ಒಂದನ್ನು ತೋರಿಸಿ ಏನಿದು ಎಂದ. "ವಿಜ್ಞಾನದ ಸಾಮಾನು, ದಯವಿಟ್ಟು ಮೂಸಬೇಡಿ" ಎಂದೆ. ಡಬ್ಬಿ ತೆಗೆದ, ಹಿಂಡಿಯ ಪುಡಿ. ನಾನು ಡಬ್ಬಿ ಗುರುತು ತಪ್ಪಿದ್ದೆ. ಬೇಡವೆಂದಿದ್ದನ್ನೇ ಮಾಡುವುದು ಎಲ್ಲ ದೇಶದ ಅಧಿಕಾರಿಗಳ ಸ್ವಭಾವವಿರಬೇಕು. ಮೂಸಿದ. ಬ್ಯಾಡಗಿ ಮೆಣಸಿನಕಾಯಿ ತನ್ನ ಕೆಲಸ ಮಾಡಿತು. ಏಳೆಂಟು ಸೀನಿನ ನಂತರ, ಇನ್ನೊಂದು ಡಬ್ಬಿಯನ್ನು ತೆಗೆಯದೆಯೇ ಹೋಗು ಎಂದು ಕೈಯಾಡಿಸಿದ.

ಮೊದಲ ದಿನ: ಬೇಡವೆಂದ ಕೇಕು

ನಾನು ತಲುಪಿದ್ದು ಜರ್ಮನಿಯ ಪೂರ್ವಕ್ಕಿರುವ ಒಂದು ಸಣ್ಣ ಊರು. ಪ್ರಯೋಗಾಲಯದಲ್ಲಿ ನನ್ನನ್ನು ಎದುರುಗೊಂಡವರು ಹೈಕೆ. ಮೈಕ್ರೋಸ್ಕೋಪು ಇವರ ಸುಪರ್ದಿಯಲ್ಲಿ. ಐವತ್ತು ದಾಟಿದ ಎತ್ತರದ ಹೆಂಗಸು, ಕತ್ತರಿಸಿದ ಬಿಳಿಗೂದಲು, ಮಾತು ಕಡಿಮೆ. ನಾವು ಇಂಗ್ಲಿಷಿನಲ್ಲಿ ಮಾತಾಡಿದ್ದನ್ನು ಇಲ್ಲಿ ನಾನು ಕನ್ನಡಕ್ಕೆ ತಂದಿದ್ದೇನೆ.

ಮೂರು ಗಂಟೆಗೆ ಅವರೇ ಮಾಡಿ ತಂದ ಸೇಬಿನ ಕೇಕು ಹೊರಬಂತು.

"ತಿನ್ನುತ್ತೀರಾ?" ಎಂದರು.

"ಬೇಡ, ಬೇಡ," ಎಂದೆ. ಮೊದಲ ಸಲ ಕೇಳಿದಾಗ ಹೂಂ ಎನ್ನುವುದು ನಮ್ಮ ಕಡೆ ಹಸಿದವರ ಲಕ್ಷಣ. ಎರಡನೆಯ ಸಲಕ್ಕೆ "ಸಾಕ್ರಿ" ಎಂದು, ಮೂರನೆಯ ಸಲಕ್ಕೆ "ನೀವು ಕೇಳೂದಿಲ್ಲ ಬಿಡ್ರಿ" ಎಂದು ತಟ್ಟೆ ಹಿಡಿಯುವುದು ಪದ್ಧತಿ. ಹೈಕೆ "ಸರಿ" ಎಂದವರೇ ಕೇಕಿಗೆ ಮುಚ್ಚಳ ಹಾಕಿ ಒಳಗಿಟ್ಟರು. ವಿಮಾನದ ಊಟ ಹಿಡಿಸದೆ ಹಿಂದಿನ ದಿನದಿಂದ ನಾನು ಏನೂ ತಿಂದಿರಲಿಲ್ಲ. ಎದುರಿಗಿದ್ದವರೆಲ್ಲ ತಿನ್ನುವುದನ್ನು ನೋಡುತ್ತ ಕಪ್ಪು ಕಾಫಿ ಕುಡಿದೆ.

ಸಂಜೆ ತಡೆಯಲಾಗದೆ ಹೇಳಿಬಿಟ್ಟೆ. ಹೈಕೆಗೆ ನಿಜಕ್ಕೂ ಆಶ್ಚರ್ಯವಾಯಿತು. "ನಿಮಗೆ ಬೇಕಿತ್ತೇ? ಬೇಕು ಎಂದರೆ ಕೊಡುತ್ತಿದ್ದೆ. ನೀವು ಹೇಳದಿದ್ದರೆ ನನಗೆ ಹೇಗೆ ತಿಳಿಯಬೇಕು?" ಎಂದು ಎರಡು ತುಂಡು ಕಟ್ಟಿಕೊಟ್ಟರು. ಮರುದಿನದಿಂದ ನಾನು ಕೇಳುವ ಮೊದಲೇ ಹೂಂ ಎನ್ನುತ್ತಿದ್ದೆ.

ಅವರ ಇನ್ನೊಂದು ಪದ್ಧತಿ ಹವೆ ಬದಲಿಸುವುದು. ಬೆಳಿಗ್ಗೆ ಹತ್ತಕ್ಕೆ ಮತ್ತು ಮಧ್ಯಾಹ್ನ ಮೂರಕ್ಕೆ ಯಾರಾದರೊಬ್ಬರು ಎದ್ದು, ಎಲ್ಲರೂ ಕೂಡುವ ಕೋಣೆಯ ಕಿಟಕಿಗಳನ್ನೆಲ್ಲ ದಢಾರನೆ ತೆರೆಯುತ್ತಾರೆ. ಹೊರಗೆ ಹಿಮ ಬಿದ್ದಿರಲಿ, ಐದು ನಿಮಿಷ ಎಲ್ಲರೂ ಕೋಟು ಹಾಕಿಕೊಂಡು ಕೂಡುತ್ತಾರೆ. ಆಮೇಲೆ ಮುಚ್ಚಿ ಹೀಟರ್ ಏರಿಸುತ್ತಾರೆ. ಬಿಸಿಲು ಬರದಿರಲೆಂದು ಹತ್ತಕ್ಕೇ ಕಿಟಕಿ ಮುಚ್ಚುವ ಊರಿನವಳಿಗೆ ಇದು ತಿಳಿಯಲಿಲ್ಲ. ಅಲ್ಲದೆ ಆ ಹೀಟರಿನ ಕೋಣೆಯಲ್ಲಿ ನನ್ನ ತುಟಿ ಒಡೆದು ರಕ್ತ ಬಂತು. ಚಳಿಗೆ ಎಂದುಕೊಂಡೆ.

ಮೂರನೆಯ ದಿನ: ಸೂಜಿಯ ಕೋಣೆ

ಮೈಕ್ರೋಸ್ಕೋಪು ಎಂದರೆ ಕಣ್ಣಿಟ್ಟು ನೋಡುವ ಕೊಳವೆ ಎಂದುಕೊಳ್ಳಬೇಡಿ. ಇದರಲ್ಲಿ ಕಣ್ಣೇ ಇಲ್ಲ. ಕಣ್ಣಿಗೆ ಕಾಣದಷ್ಟು ಚೂಪಾದ ಸೂಜಿಯೊಂದು ದ್ರವದೊಳಗೆ ಇಳಿದು, ಕುರುಡರು ಬೆರಳಿನಿಂದ ಮುಖ ತಡವಿ ಗುರುತಿಸುವ ಹಾಗೆ, ಬಂಗಾರದ ಮೈಯನ್ನು ಸಾಲು ಸಾಲಾಗಿ ತಡವುತ್ತ ಹೋಗುತ್ತದೆ. ಎಲ್ಲಿ ಉಬ್ಬು, ಎಲ್ಲಿ ತಗ್ಗು ಎಂಬುದನ್ನು ಪರದೆಯ ಮೇಲೆ ಬರೆಯುತ್ತದೆ. ಒಂದು ಚಿತ್ರಕ್ಕೆ ನಾಲ್ಕೈದು ನಿಮಿಷ. ಸೂಜಿ ಎಷ್ಟು ಸೂಕ್ಷ್ಮವೆಂದರೆ, ಯಂತ್ರ ಕುಳಿತ ಕಲ್ಲಿನ ಹಲಗೆಯನ್ನು ಸೂರಿನಿಂದ ರಬ್ಬರ್ ಹಗ್ಗಗಳಲ್ಲಿ ತೊಟ್ಟಿಲಿನಂತೆ ತೂಗು ಹಾಕಿದ್ದಾರೆ.

ನಾನು ಹೇಳಿದಂತೆಯೇ ಎಲ್ಲ ತಯಾರಾಗಿತ್ತು. ದ್ರವವನ್ನು ನಿರ್ವಾತದಲ್ಲಿ ಎರಡು ದಿನ ಒಣಗಿಸಿದ್ದರು. ನನಗೆ ಸಮಾಧಾನವಾಗಲಿಲ್ಲ. "ಇನ್ನೂ ಒಂದು ದಿನ ಒಣಗಿಸಿ. ನಮ್ಮ ಊರಿನಲ್ಲಿ ಹಪ್ಪಳ ಹಾಕಿದರೆ ಮಗ್ಗಲು ತಿರುವುವುದರೊಳಗೆ ಒಣಗುತ್ತದೆ, ಅಂಥ ಹವೆ ಬೇಕು" ಎಂದು ಜಂಬ ಕೊಚ್ಚಿದೆ. ಹೈಕೆ ಅದನ್ನೂ ಬರೆದುಕೊಂಡು ಇನ್ನೊಂದು ದಿನ ಒಣಗಿಸಿದರು.

ಮರುದಿನ ಕರೆಂಟ್ ಹಾಯಿಸಿದೆವು. ಪರದೆಯ ಮೇಲೆ ಪದರದ ಬದಲು ಅಲೆಗಳು ಮೂಡಿದವು. ಎಳೆ ಎಳೆಯಾದ, ಒಂದೇ ಸಮದ ಅಲೆಗಳು. ನನಗೆ ಖುಷಿಯಾಯಿತು, ಹೊಸದೇನೋ ಕಂಡೆವು ಎಂದು. ಹೈಕೆ ಪರದೆ ನೋಡಿದರು, ನಂತರ ಮೇಜಿನ ಕೆಳಗೆ ನೋಡಿದರು.

"ಫ್ರೌ ಮಹಾದೇವಿ, ದಯವಿಟ್ಟು ನಿಮ್ಮ ಕಾಲು." ಫ್ರೌ ಎಂದರೆ ಅವರ ಭಾಷೆಯ ಶ್ರೀಮತಿ.

ಕುಳಿತಲ್ಲಿ ಕಾಲು ಅಲ್ಲಾಡಿಸುವುದು ನನ್ನ ಹುಟ್ಟುಗುಣ, ಅವ್ವ ಬೈದು ಬೈದು ಸೋತಿದ್ದಾಳೆ. ತೊಟ್ಟಿಲಿನಲ್ಲಿದ್ದ ಯಂತ್ರಕ್ಕೂ ಅದು ಮುಟ್ಟಿತ್ತು. ಕಾಲು ಮಡಚಿ ಕುರ್ಚಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತೆ. ಅಲೆ ನಿಂತಿತು. ಬಂಗಾರ ಬೋಳಾಗಿ ಕಂಡಿತು. ಅರ್ಧ ಗಂಟೆಯ ನಂತರವೂ ಬೋಳು. ದ್ರವ ಮಾತ್ರ ನಿಧಾನಕ್ಕೆ ಚಹಾದ ಬಣ್ಣಕ್ಕೆ ತಿರುಗಿತು.

"ಐದು ಸಲವೂ ಹೀಗೆಯೇ ಆಗಿತ್ತು," ಎಂದರು ಹೈಕೆ. ಅವರ ದನಿಯಲ್ಲಿ ಚುಚ್ಚುಮಾತು ಇರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಭಾನುವಾರ

ಒಂದು ವಾರದಲ್ಲಿ ನಾಲ್ಕು ಸಲ ಮಾಡಿದೆ. ಹೊಸ ಚೂರು, ಹೊಸ ದ್ರವ, ಹೊಸ ಸೂಜಿ. ಎರಡು ಸೂಜಿ ನನ್ನ ಕೈಯಲ್ಲೇ ಮುರಿದವು. ಪದರ ಬರಲಿಲ್ಲ.

ಭಾನುವಾರ ಆ ಊರು ಬಾಯಿ ಮುಚ್ಚಿಕೊಳ್ಳುತ್ತದೆ. ಅಂಗಡಿ ಇಲ್ಲ, ಸದ್ದಿಲ್ಲ. ಬೇಸರಕ್ಕೆ ನಾನು ಕೋಣೆಯ ಚಾಪೆಯನ್ನು ಬಾಲ್ಕನಿಗೆ ತಂದು ಬಡಿಯತೊಡಗಿದೆ. ಎದುರು ಮನೆಯ ಅಜ್ಜ ಕಿಟಕಿಯಲ್ಲಿ ಕಾಣಿಸಿಕೊಂಡು, ಗೋಡೆಯ ಕ್ಯಾಲೆಂಡರನ್ನೇ ಕಿತ್ತು ತಂದು, ಆ ದಿನದ ಮೇಲೆ ಬೆರಳಿಟ್ಟು ನನಗೆ ತೋರಿಸಿದ. ಚಾಪೆ ಮಡಚಿ ಒಳಗೆ ಹೋದೆ. ನಮ್ಮ ಊರಿನಲ್ಲಿ ಭಾನುವಾರವೇ ಜನ ಮನೆ ಝಾಡಿಸುವುದು.

ಅವ್ವನಿಗೆ ಫೋನ್ ಹಚ್ಚಿದೆ. ನಿಂಬೆ ತೋಟದಲ್ಲಿ ಇದ್ದಳು.

"ಏನವಾ ಮಾದೇವಿ, ಉಂಡಿ? ದನಿ ಯಾಕ ಸಣ್ಣಾಗೇತಿ?"

"ಏನಿಲ್ಲಬೇ. ಕೆಲಸ ಆಗವಲ್ದು."

"ಆಗವಲ್ದು ಅಂದ್ರ? ನೀ ಮಾಡಿದ್ದ ಹೌದಲ್ಲ ಅದು?"

ಆ ಪ್ರಶ್ನೆ ನನಗೆ ತಾಗಿತು. ಸಂಶಯದಿಂದ ಕೇಳಿದ್ದಲ್ಲ, ಸುಮ್ಮನೆ ಕೇಳಿದ್ದು. ಆದರೆ ವಾರದಿಂದ ನಾನೇ ನನ್ನನ್ನು ಕೇಳಿಕೊಳ್ಳಲು ಹೆದರುತ್ತಿದ್ದುದನ್ನು ಅವಳು ಕೇಳಿದ್ದಳು. "ಹೌದಬೇ, ನಾನ ಮಾಡೇನಿ" ಎಂದೆ. ಫೋನ್ ಇಟ್ಟು ಅತ್ತೆ. ನನಗೆ ಅಳು ಅಪರೂಪ, ಆದ್ದರಿಂದ ಬರೆದಿಡುತ್ತಿದ್ದೇನೆ.

ಹತ್ತನೆಯ ದಿನ: ಪರದೆ ಹಾರುತ್ತದೆ

ಸೋಮವಾರ ಪ್ರಯೋಗಾಲಯದ ಮುಖ್ಯಸ್ಥರಾದ ಪ್ರೊಫೆಸರರು ತಮ್ಮ ಕೋಣೆಗೆ ಕರೆದರು. ವಯಸ್ಸಾದವರು, ಬಹಳ ಮರ್ಯಾದೆಯವರು. ತಪ್ಪು ಎಲ್ಲರಿಗೂ ಆಗುತ್ತದೆ, ಲೇಖನ ಹಿಂತೆಗೆಯುವ ಪತ್ರ ಬರೆಯಲು ಬೇಕಾದರೆ ನಾನೇ ಸಹಾಯ ಮಾಡುತ್ತೇನೆ, ಉಳಿದ ದಿನ ಊರು ನೋಡಿ, ಇಲ್ಲೊಂದು ಒಳ್ಳೆಯ ಕೋಟೆಯಿದೆ ಎಂದರು. ನಾನು ಕೋಟೆ ನೋಡದೆ ಬಂದದ್ದಕ್ಕೆ ಇದೇ ಕಾರಣ. ಆ ಮಾತಿನ ನಂತರ ಅದರ ಹೆಸರು ಕೇಳಿದರೂ ಮೈ ಉರಿಯುತ್ತಿತ್ತು. "ಇನ್ನೂ ಹನ್ನೊಂದು ದಿನ ಇದೆ. ಆಮೇಲೆ ನೋಡೋಣ" ಎಂದು ಎದ್ದು ಬಂದೆ.

ಹೈಕೆಗೆ ಹೇಳಿದೆ. ಅವರು "ನಿಮ್ಮ ಲ್ಯಾಬು ತೋರಿಸಿ" ಎಂದರು.

"ಫೋಟೋ ಲೇಖನದಲ್ಲೇ ಇದೆ."

"ಫೋಟೋ ಬೇಡ. ಬೆಳಿಗ್ಗೆ ಬಾಗಿಲು ತೆರೆಯುವುದರಿಂದ ಹಿಡಿದು ಏನೇನಾಗುತ್ತದೆ, ಎಲ್ಲ ನೋಡಬೇಕು."

ಬಾಗಿಲು ತೆರೆಯುವುದು ನಾನಲ್ಲ. ಮರುದಿನ ಅಲ್ಲಿನ ಬೆಳಿಗ್ಗೆ ಎಂಟಕ್ಕೆ, ಅಂದರೆ ನಮ್ಮ ಮಧ್ಯಾಹ್ನ ಹನ್ನೆರಡೂವರೆಗೆ, ದಸ್ತಗೀರಸಾಬರಿಗೆ ವಿಡಿಯೋ ಕಾಲ್ ಮಾಡಿದೆ. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿ ತಯಾರಾಗಿದ್ದರು.

"ನಮಸ್ಕಾರ್ರಿ ಬಾಯಾರ," ಎಂದು ಹೈಕೆಗೆ ಕೈಮುಗಿದರು. ಫೋನ್ ತಿರುಗಿಸಿ ಒಂದೊಂದೇ ತೋರಿಸಿದರು. ಇದು ಮೇಜು, ಇದು ತಕ್ಕಡಿ, ಇದು ಮೇಡಮ್ಮಾರ ಬಾಟ್ಲಿ, ಇದನ್ನ ಅವರ ಬಿಟ್ಟು ಯಾರೂ ಮುಟ್ಟಂಗಿಲ್ಲ. ನಾನು ಅನುವಾದಿಸುತ್ತಿದ್ದೆ. ಹೈಕೆ ಫೋನಿಗೆ ಮೂಗು ತಾಗುವಷ್ಟು ಬಗ್ಗಿದ್ದರು.

"ಆ ಬಟ್ಟೆ ಯಾಕೆ ಹಾರುತ್ತಿದೆ?" ಎಂದರು. ಮೇಜಿನ ಹಿಂದಿನ ಕಿಟಕಿಗೆ ಹಾಕಿದ ಪರದೆಯನ್ನು ತೋರಿಸುತ್ತಿದ್ದರು.

"ಅದೇನಲ್ಲ," ಎಂದೆ.

"ಏನಲ್ಲ ಎಂದರೆ? ಕಿಟಕಿ ಮುಚ್ಚಿದೆ. ಬಟ್ಟೆ ಹಾರುತ್ತಿದೆ."

"ಅದು ಕೂಲರ್ ಗಾಳಿ. ಬೇಸಿಗೆಯಲ್ಲಿ ಹಚ್ಚುತ್ತೇವೆ, ಇಲ್ಲದಿದ್ದರೆ ಒಳಗೆ ನಿಲ್ಲಲಾಗುವುದಿಲ್ಲ."

"ತೋರಿಸಲು ಹೇಳಿ."

ದಸ್ತಗೀರಸಾಬರು ಅಭಿಮಾನದಿಂದ ಫೋನನ್ನು ಕೂಲರಿನ ಮುಂದೆ ಹಿಡಿದರು. ನನ್ನ ಮೇಜಿನಿಂದ ಎರಡು ಮಾರು ದೂರ. ತಗಡಿನ ಪೆಟ್ಟಿಗೆ, ಮೂರು ಮಗ್ಗಲಿಗೆ ಹುಲ್ಲಿನ ತಟ್ಟಿ, ಒಳಗೆ ದೊಡ್ಡ ಫ್ಯಾನು. "ಮುಂಜಾನೆ ಇವರು ಬರೂದ್ರೊಳಗ ನಾಕ ಬಕೀಟ ನೀರ ಹಾಕಿ ಚಾಲೂ ಮಾಡಿರ್ತೇನ್ರಿ. ಮೇಡಮ್ಮಾರ ಮಿಷನ್ ಕಾಯಬಾರ್ದಲ್ಲ, ಅದಕ್ಕ ಮಾರಿ ಅವರ ಮೇಜಿನ ಕಡೇನ ಇಟ್ಟೇನಿ."

ನಾನು ಅನುವಾದ ಮಾಡಲಿಲ್ಲ. ತುಟಿ ಮುಟ್ಟಿಕೊಂಡೆ. ಬಸ್ಸಿನಲ್ಲಿ ಒಣಗಿ ಉರಿದ ತುಟಿ, ಜರ್ಮನಿಯ ಹೀಟರ್ ಕೋಣೆಯಲ್ಲಿ ಒಡೆದ ತುಟಿ, ಆದರೆ ಎಷ್ಟು ಬೇಸಿಗೆ ಆ ಲ್ಯಾಬಿನಲ್ಲಿ ಕುಳಿತರೂ ಒಂದು ದಿನವೂ ಒಡೆದಿರಲಿಲ್ಲ. ಮೂರು ಬೇಸಿಗೆ ನನ್ನ ದ್ರವ ದಿನಕ್ಕೆ ನಾಲ್ಕು ಬಕೀಟು ನೀರಿನ ಗಾಳಿ ಕುಡಿದಿತ್ತು. ನಾನು ಲೇಖನದಲ್ಲಿ "ಒಣ ಹವೆಯಲ್ಲಿ" ಎಂದು ಬರೆದಿದ್ದೆ, ಯಾಕೆಂದರೆ ಮುದ್ದೇಬಿಹಾಳದ ಹವೆ ಒಣ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಕೂಲರನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಪ್ರಯೋಗದ ಸಾಮಾನುಗಳಲ್ಲಿ ಗೋಡೆ, ಸೂರುಗಳನ್ನು ಯಾರು ಬರೆಯುತ್ತಾರೆ?

ಹೈಕೆಗೆ ಹೇಳಿದೆ. ಅವರು ಮೊದಲ ಸಲ ಜೋರಾಗಿ ನಕ್ಕರು. "ನೀವು ಹೇಳದಿದ್ದರೆ ನನಗೆ ಹೇಗೆ ತಿಳಿಯಬೇಕು?" ಎಂದರು. ನನಗೂ ನಗು ಬಂತು, ಆದರೆ ಕಿವಿ ಬಿಸಿಯಾಗಿದ್ದವು.

ಫೋನಿನಲ್ಲಿ ದಸ್ತಗೀರಸಾಬರ ಮುಖ ಮಾತ್ರ ಸಣ್ಣದಾಗಿತ್ತು. "ಏನರ ತಪ್ಪಾತೇನ್ರಿ ಮೇಡಮ್ಮರ?" ಎಂದು ಕೇಳಿದರು. "ಕೂಲರ್ದ್ದ ನೋಡ್ರಿ ಎಲ್ಲಾ," ಎಂದೆ ನಾನು ಗಡಿಬಿಡಿಯಲ್ಲಿ. "ಆಮ್ಯಾಲೆ ಹೇಳ್ತೇನಿ" ಎಂದು ಕಾಲ್ ಮುಗಿಸಿದೆ.

ಹನ್ನೊಂದನೆಯ ದಿನ, ಮಧ್ಯಾಹ್ನ

ದ್ರವವಿದ್ದ ಪುಟ್ಟ ಬಟ್ಟಲನ್ನು ಗಾಜಿನ ಗಂಟೆಯಾಕಾರದ ಮುಚ್ಚಳದ ಕೆಳಗಿಟ್ಟು, ಪಕ್ಕದಲ್ಲಿ ಒಂದು ತಟ್ಟೆ ನೀರು ಇಟ್ಟೆವು. ಗಾಳಿಯಿಂದ ನೀರು ಹೀರಿಕೊಳ್ಳಲು ಅದಕ್ಕೆ ಸಮಯ ಕೊಡಬೇಕು. ಮೂರು ತಾಸು ಕಾದೆವು. ಆ ಮೂರು ತಾಸಿನಲ್ಲಿ ನಾನು ಎರಡು ತುಂಡು ಕೇಕು ತಿಂದೆ, ಪ್ರೊಫೆಸರರ ಕೋಣೆಯ ಮುಂದೆ ಎಂಟು ಸಲ ಅಡ್ಡಾಡಿದೆ, ಹವೆ ಬದಲಿಸುವ ಹೊತ್ತಿಗೆ ನಾನೇ ಎದ್ದು ಕಿಟಕಿ ತೆರೆದೆ.

ಸೂಜಿ ಇಳಿಯಿತು. ಕರೆಂಟ್ ಹಾಯಿಸಿದೆವು. ನಾನು ಚಕ್ಕಂಬಕ್ಕಳ ಹಾಕಿ, ಎರಡು ಕೈಯಿಂದ ಮೊಣಕಾಲು ಒತ್ತಿ ಹಿಡಿದು ಕುಳಿತೆ.

ಮೊದಲ ಚಿತ್ರ ಬೋಳು. ಎರಡನೆಯದೂ ಬೋಳು. ಮೂರನೆಯ ಚಿತ್ರದಲ್ಲಿ, ಮೇಲಿನಿಂದ ಮೂರನೆಯ ಒಂದು ಭಾಗ ಇಳಿದ ಮೇಲೆ, ಒಂದು ಬಿಳಿ ಚುಕ್ಕಿ. ಕೆಳಗೆ ಇನ್ನೊಂದು. ನಾಲ್ಕನೆಯದರಲ್ಲಿ ಹೊಲದಲ್ಲಿ ಕಾಳು ಚೆಲ್ಲಿದ ಹಾಗೆ ಚುಕ್ಕಿಗಳು. ಐದು, ಆರು, ಏಳು. ಅವು ಎತ್ತರವಾಗುತ್ತಿರಲಿಲ್ಲ. ಅಡ್ಡಡ್ಡ ಹರಡುತ್ತಿದ್ದವು. ಪಕ್ಕದ ಎರಡು ಮುಟ್ಟಿಕೊಂಡವು, ನಡುವಿನ ಗೆರೆ ಅಳಿಸಿತು, ಒಂದಾದವು. ಮೂರು ವರ್ಷ ಸತ್ತ ಚೂರುಗಳ ಚಿತ್ರ ಜೋಡಿಸಿ ಊಹಿಸಿದ್ದು ನನ್ನ ಕಣ್ಣೆದುರಿಗೆ ಜೀವಂತ ನಡೆಯುತ್ತಿತ್ತು.

"ಬಂತು! ಬಂತ್ರಿ!" ಎಂದು ಕೂಗಿಬಿಟ್ಟೆ. ಆ ಚಿತ್ರದಲ್ಲಿ ನನ್ನ ಕೂಗೂ ಒಂದು ಅಡ್ಡಗೆರೆಯಾಗಿ ಬಿದ್ದಿದೆ. ಹೈಕೆ ಅದನ್ನು ಅಳಿಸಲಿಲ್ಲ.

ಪ್ರೊಫೆಸರರು ಬಂದು, ನಿಂತೇ ನಾಲ್ಕು ಚಿತ್ರ ನೋಡಿದರು. ಒಂದು ಮೂಲೆಯಲ್ಲಿ ಕೆಳಗಿನ ಪದರ ತುಂಬುವ ಮೊದಲೇ ಮೇಲಿನದು ಶುರುವಾಗಿರುವುದನ್ನು ಅವರೇ ಗುರುತಿಸಿ ತೋರಿಸಿದರು. ಆ ಒಂದು ಮೂಲೆಯ ಮಟ್ಟಿಗೆ ನನ್ನ ವಾದ ತಪ್ಪು. ಒಪ್ಪಿಕೊಂಡೆ. ಉಳಿದದ್ದು ಸರಿ ಎಂದು ಅವರೂ ಒಪ್ಪಿಕೊಂಡು ಕೈ ಕುಲುಕಿದರು. ಕೋಟೆಯ ವಿಷಯ ಮತ್ತೆ ಎತ್ತಲಿಲ್ಲ.

ಉಳಿದ ದಿನಗಳಲ್ಲಿ ನೀರು ಹೆಚ್ಚು ಕಡಿಮೆ ಮಾಡಿ ಮತ್ತೆ ಮತ್ತೆ ನೋಡಿದೆವು. ಸಂಪೂರ್ಣ ಒಣಗಿಸಿದರೆ ಪದರವೇ ಇಲ್ಲ, ನೀರು ಹೆಚ್ಚಾದರೆ ಗಂಟು ಗಂಟು. ನಡುವೆ ಒಂದು ಹದವಿದೆ. ಆ ಹದ ನಮ್ಮ ಲ್ಯಾಬಿನಲ್ಲಿ ಯಾರೂ ಹುಡುಕದೆ ಸಿಕ್ಕಿತ್ತು. ಹೊರಡುವ ಹಿಂದಿನ ದಿನ ತಿದ್ದುಪಡಿ ಬರೆದು ಕಳಿಸಿದೆ. ಒಣ ಹವೆ ಎಂದು ಬರೆದದ್ದು ನನ್ನ ತಪ್ಪು, ಪ್ರತಿದಿನ ನಾಲ್ಕು ಬಕೀಟು ನೀರು ಹಾಕಿದ ಏರ್ ಕೂಲರ್ ಎರಡು ಮಾರು ದೂರದಲ್ಲಿ ಚಾಲೂ ಇತ್ತು ಎಂದು. ಬರೆಯುವಾಗ ಹಲ್ಲು ಕಚ್ಚಿದ್ದು ನಿಜ. ಬರೆದ ಮೇಲೆ ಮನಸ್ಸು ಹಗುರವಾದದ್ದೂ ನಿಜ.

ಮುದ್ದೇಬಿಹಾಳ

ಬಂದ ಮರುದಿನವೇ ಲ್ಯಾಬಿಗೆ ಹೋದೆ. ಚೀಲದಲ್ಲಿ ದಸ್ತಗೀರಸಾಬರಿಗೆಂದು ತಂದ ಉಣ್ಣೆಯ ಟೋಪಿ ಇತ್ತು. ಬಾಗಿಲು ತೆಗೆದರೆ ಒಲೆಯ ಬಾಯಿ ತೆಗೆದ ಹಾಗೆ ಝಳ ಬಡಿಯಿತು. ಅವರು ಸ್ಟೂಲಿನ ಮೇಲೆ ಕುಳಿತು ಹಳೆಯ ಹಾಜರಿ ಪುಸ್ತಕದ ರಟ್ಟಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಕೂಲರು ಗೋಡೆಗೆ ಮುಖ ಮಾಡಿ ನಿಂತಿತ್ತು. ಮೇಲೆ ಚಾದರ ಹೊದಿಸಿ ಹಗ್ಗ ಬಿಗಿದಿದ್ದರು.

"ಇದೇನ್ರಿ? ಕೂಲರ್ ಯಾಕ ಕಟ್ಟೀರಿ?"

ಅವರು ಎದ್ದು ನಿಂತರು. ನನ್ನ ಮುಖ ನೋಡಲಿಲ್ಲ. "ಕೂಲರ್ದ್ದ ಎಲ್ಲಾ ಅಂತ ನೀವ ಅಂದ್ರೆಲ್ಲರಿ. ಆ ಬಾಯಾರೂ ನಕ್ರು. ನಿಮ್ಮ ಹೆಸರ ಕೆಡ್ಸಿದಂಗಾತು ಅಂತ ಅವತ್ತ ಬಂದ್ ಮಾಡಿಟ್ಟೇನಿ. ಮೂರ ವರ್ಷ ನಾನ ನೀರ ಹಾಕೇನಲ್ರಿ, ಯಾರೂ ಹೇಳಿದ್ದಿಲ್ಲ. ತಂಪ ಆಗ್ಲಿ ಅಂತ ಹಾಕಿದ್ದೆ."

ಹನ್ನೊಂದು ದಿನ. ನಾನು ಅಲ್ಲಿ ಕೈ ಕುಲುಕಿಸಿಕೊಂಡು, ಕೇಕು ತಿಂದು ತಿರುಗುತ್ತಿದ್ದಾಗ, ಈ ಮನುಷ್ಯ ತಪ್ಪು ಮಾಡಿದೆನೆಂದು ಈ ಕುದಿ ಕೋಣೆಯಲ್ಲಿ ಕುಳಿತಿದ್ದರು. ಆಮೇಲೆ ಹೇಳುತ್ತೇನೆ ಎಂದವಳು ಹೇಳಿರಲಿಲ್ಲ. ನನಗೆ ನಾಚಿಕೆಯಾಯಿತು, ಲೇಖನದ ತಪ್ಪಿಗೆ ಆದದ್ದಕ್ಕಿಂತ ಹೆಚ್ಚು.

ಹಗ್ಗ ಬಿಚ್ಚಿದೆ. ಕೂಲರನ್ನು ಮೇಜಿನ ಕಡೆ ತಿರುಗಿಸಿದೆ. ಬಕೀಟು ತೆಗೆದುಕೊಂಡು ನಳದ ಕಡೆ ಹೊರಟಾಗ ಅವರು ಓಡಿ ಬಂದರು.

"ಏ ಮೇಡಮ್ಮರ, ನೀವ್ಯಾಕ ತರಾಕತ್ತೀರಿ? ಇಲ್ಲೆ ತರ್ರಿ."

"ಸುಮ್ಮ ಕೂಡ್ರಿ ನೀವು. ಈ ನೀರಿಲ್ದ ಪದರ ಬರೂದಿಲ್ಲ, ತಿಳೀತಿಲ್ಲ? ನೀವು ನೀರ ಹಾಕಿದ್ದಕ್ಕ ಬಂದೈತಿ ಅದು. ಜರ್ಮನಿಯಾಗ ಎಲ್ಲಾರಿಗೂ ತೋರ್ಸಿ ಬಂದೇನಿ. ನಾಕ ಬಕೀಟ ನೀರು ಅಂತ ಅಚ್ಚಿಗೂ ಕಳಿಸೇನಿ."

ಅವರು ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಟವಲಿನಿಂದ ಮುಖ ಒರೆಸಿಕೊಂಡರು, ಒರೆಸುತ್ತ ಸ್ವಲ್ಪ ಹೊತ್ತು ಮುಖದ ಮೇಲೆಯೇ ಹಿಡಿದುಕೊಂಡರು. ನಾನು ಒಂದು, ಎರಡು, ಮೂರು, ನಾಲ್ಕು ಬಕೀಟು ತಂದು ಸುರಿದೆ. ಸ್ವಿಚ್ಚಿಗೆ ಕೈ ಹಾಕಿದೆ.

"ಏ ತಡೀರಿ, ಇನ್ನೊಂದ ಐತಿ," ಎಂದರು ಟವಲ್ ಇಳಿಸಿ.

"ಇನ್ನೊಂದೇನು? ನಾಕ ಅಂದ್ರೆಲ್ಲ?"

"ನಾಕ ಒಳಗ ಹಾಕೂದ್ರಿ. ಐದನೇದು ಹುಲ್ಲಿಗೆ. ಮೊದ್ಲ ಹುಲ್ಲು ತೋಯಿಸ್ಲಿಲ್ಲಂದ್ರ ಬರೇ ಬಿಸಿ ಗಾಳಿ ಒಗೀತೈತಿ. ಅದನ್ನೇನ ಹೇಳೂದು, ಎಲ್ಲಾರಿಗೂ ಗೊತ್ತಿರೂದ."

ನಾನು ಬಕೀಟು ಕೆಳಗಿಟ್ಟು ಅಲ್ಲೇ ನಿಂತು ಹೈಕೆಗೆ ಮೆಸೇಜು ಬರೆದೆ: ನಾಲ್ಕಲ್ಲ, ಐದು, ಐದನೆಯದು ಹುಲ್ಲಿಗೆ. ದಸ್ತಗೀರಸಾಬರು ಐದನೆಯ ಬಕೀಟನ್ನು ತಾವೇ ತಂದು, ಹುಲ್ಲಿನ ಮೂರೂ ಮಗ್ಗಲಿಗೆ ಕೈಯಿಂದ ಚಿಮುಕಿಸಿ, ಸ್ವಿಚ್ ಒತ್ತಿದರು. ಕಿಟಕಿಯ ಪರದೆ ಎದ್ದು ಹಾರತೊಡಗಿತು. ಒದ್ದೆ ಹುಲ್ಲಿನ ತಂಪು ಮುಖಕ್ಕೆ ಬಡಿಯುವುದರೊಳಗೆ ಫೋನ್ ಸದ್ದು ಮಾಡಿತು. ಹೈಕೆಯ ಉತ್ತರ.

"ಹುಲ್ಲೇ? ಯಾವ ಹುಲ್ಲು?"

ದಸ್ತಗೀರಸಾಬರಿಗೆ ಓದಿ ಹೇಳಿ, ಚೀಲದಿಂದ ಟೋಪಿ ತೆಗೆದು ಕೊಟ್ಟೆ. ಅವರು ಉಣ್ಣೆಯ ಟೋಪಿಯನ್ನು ಆ ಸೆಕೆಯಲ್ಲೇ ತಲೆಗೇರಿಸಿಕೊಂಡು, ಸ್ಟೂಲನ್ನು ಮುಂದಕ್ಕೆ ಎಳೆದು ಕುಳಿತರು. "ಪೆನ್ ತಗೋರಿ ಮೇಡಮ್ಮರ," ಎಂದರು. "ಮೊದಲಿಂದ ಹೇಳ್ತೇನಿ."